ಲಾಲ್‌ಬಾಗಿನಿಂದ ಮನೆಯಂಗಳಕ್ಕೆ

ತಮಿಳುನಾಡಿನ ತರಕಾರಿ ಅಂಗಡಿಗಳಲ್ಲಿ ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ಕೇಳಿದರೆ ಸಿಗುವುದು ಬದನೆಕಾಯಿಯಲ್ಲ, ನಮ್ಮ ಸೀಮೆ ಬದನೆಕಾಯಿ. ದೂರದ ಮೆಕ್ಸಿಕೊ ಕಡೆಯ ಈ ಬಳ್ಳಿ ಬೆಂಗಳೂರಿನ ಹೆಸರು ಹೊತ್ತು ತಿರುಗುವುದರ ಹಿಂದೆ ಲಾಲ್‌ಬಾಗಿನ ಕಥೆಯಿದೆ. ಲಾಲ್‌ಬಾಗ್ ಎಂದೊಡನೆ ಗಾಜಿನ ಮನೆ, ಕೆರೆ, ಬಂಡೆ ನೆನಪಾಗುವುದು ಸಹಜ. ಆದರೆ ಅದರ ನಿಜವಾದ ಪ್ರಭಾವ ಕಾಣುವುದು ಬೇಲಿಯಾಚೆ, ಮನೆಮನೆಯ ಅಂಗಳದಲ್ಲಿ.

1760ರಲ್ಲಿ ಹೈದರ್ ಅಲಿ ಈ ತೋಟಕ್ಕೆ ಬುನಾದಿ ಹಾಕಿದ. ಮಗ ಟಿಪ್ಪು ಹೊರನಾಡುಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದ. ಆಗ ಅದು ಅರಸರ ತೋಟ. 1799ರ ನಂತರ ಕೈಯಿಂದ ಕೈಗೆ ದಾಟಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಪರದೇಶದ ಗಿಡಗಳು ಈ ಹವೆಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದಾಯಿತು.

1874ರಲ್ಲಿ ಉಸ್ತುವಾರಿ ವಹಿಸಿಕೊಂಡ ಜಾನ್ ಕ್ಯಾಮರಾನ್ ಈ ಕೆಲಸವನ್ನು ವಿಸ್ತರಿಸಿದರು. ಸೀಮೆ ಬದನೆಯನ್ನು ಇಲ್ಲಿ ಬೇರೂರಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಈ ಕಾಯಿಯ ಬೀಜ ಒಳಗೇ ಮೊಳೆಯುವುದರಿಂದ ಇಡೀ ಕಾಯಿಯನ್ನೇ ನೆಡಬೇಕು. ಬೀಜದ ಪೊಟ್ಟಣ ಬೇಕಿಲ್ಲ. ಪಕ್ಕದ ಮನೆಯವರು ಮೊಳೆತ ಒಂದು ಕಾಯಿ ಕೊಟ್ಟರೆ ಹಿತ್ತಲಲ್ಲಿ ಚಪ್ಪರ ಏಳುತ್ತದೆ. ಅದು ಅಷ್ಟು ಬೇಗ ಮನೆಯ ಬಳ್ಳಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಕನ್ನಡಿಗರಿಗೆ ಕೈತೋಟ ಕಲಿಸಿದ್ದೇ ಲಾಲ್‌ಬಾಗ್ ಎನ್ನಲಾಗದು. ಅದಕ್ಕೆ ಮೊದಲೂ ಹಿತ್ತಲಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬೇಲಿಗೆ ಬಸಳೆ, ಮೂಲೆಯಲ್ಲಿ ನುಗ್ಗೆ, ಕರಿಬೇವು; ಪೂಜೆಗೆ ದಾಸವಾಳ, ಮುಡಿಗೆ ಮಲ್ಲಿಗೆ. ಅಡುಗೆಗೋ ದೇವರಿಗೋ ಆಗುವ ಗಿಡಕ್ಕೇ ಅಲ್ಲಿ ಜಾಗ. ಬರೀ ನೋಡಿ ನಲಿಯಲು ಗಿಡ ಬೆಳೆಸುವ ಹವ್ಯಾಸ ಮಧ್ಯಮ ವರ್ಗದ ಮನೆಗಳ ಮುಂಬಾಗಿಲಿಗೆ ಬಂದುದರಲ್ಲಿ ಲಾಲ್‌ಬಾಗಿನ ಪಾಲು ದೊಡ್ಡದು.

ಇದಕ್ಕೆ ಕಾಲವೂ ಕೂಡಿಬಂತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಮುಂದೆ ಅದು ಫಲಪುಷ್ಪ ಪ್ರದರ್ಶನಗಳ ನೆಲೆಯಾಯಿತು. 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡು, ಸುತ್ತಲೂ ಬಯಲು ಬಿಟ್ಟ ಮನೆಗಳು ಎದ್ದವು. 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು. ಪ್ರದರ್ಶನದಲ್ಲಿ ಡೇಲಿಯಾ ನೋಡಿದವರು ಬರಿಗೈಲಿ ಮರಳಬೇಕಿರಲಿಲ್ಲ; ಬೀಜವೋ ಸಸಿಯೋ ಜೊತೆಗೆ ಹೋಗುತ್ತಿತ್ತು. ಕೈತೋಟಗಳಿಗೂ ಸ್ಪರ್ಧೆ, ಬಹುಮಾನ ಏರ್ಪಟ್ಟವು. ನಂತರ ಎಚ್.ಸಿ. ಜವರಯ್ಯ, ಡಾ. ಎಂ.ಎಚ್. ಮರಿಗೌಡ ಈ ಪರಂಪರೆಯನ್ನು ಬೆಳೆಸಿದರು. ಹತ್ತಿರದ ಸಿದ್ದಾಪುರ ನರ್ಸರಿಗಳಿಗೆ ಹೆಸರಾಯಿತು. ಮನೆಯ ಮುಂದೆ ಗುಲಾಬಿ, ಕ್ರೋಟನ್. ಹಿಂದೆ ಕರಿಬೇವು, ಸೀಮೆ ಬದನೆ. ಹೊಸದು ಬಂತೆಂದು ಹಳೆಯದು ಹೋಗಲಿಲ್ಲ.

ಬೆಂಗಳೂರಿಗೆ ‘ಉದ್ಯಾನ ನಗರಿ’ ಎಂಬ ಹೆಸರು ನಿಂತದ್ದು ಎರಡು ದೊಡ್ಡ ಉದ್ಯಾನಗಳಿಂದ ಮಾತ್ರವಲ್ಲ, ಇಂಥ ಸಾವಿರಾರು ಅಂಗಳಗಳಿಂದ. ಇಂದು ಕಡಿಮೆಯಾಗುತ್ತಿರುವುದು ಆ ಅಂಗಳಗಳೇ. ಹಳೆಯ ಮನೆಗಳು ಉರುಳಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮುಂದಿನ ಜಾಗ ಕಾರಿಗಾಯಿತು, ಹಿತ್ತಲು ಇನ್ನೊಂದು ಕೋಣೆಗಾಯಿತು. ಮಳೆ ನೀರು ಇಂಗಲು ಮಣ್ಣಿಲ್ಲ. ಚಿಟ್ಟೆ, ಗುಬ್ಬಿಗಳಿಗೆ ಎಡೆಯಿಲ್ಲ. ಲಾಲ್‌ಬಾಗಿನ 240 ಎಕರೆ ಎಷ್ಟೇ ಹಸಿರಾಗಿದ್ದರೂ ಆ ನಷ್ಟವನ್ನು ಒಂದೇ ಉದ್ಯಾನ ತುಂಬಿಕೊಡಲಾರದು.

ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಪ್ರದರ್ಶನಗಳಿಗೆ ಈಗಲೂ ಜನಸಾಗರ ಹರಿಯುತ್ತದೆ. ಅಂಗಳವಿಲ್ಲದವರು ತಾರಸಿಯಲ್ಲಿ, ಬಾಲ್ಕನಿಯ ಕುಂಡಗಳಲ್ಲಿ ಸೊಪ್ಪು, ಟೊಮ್ಯಾಟೊ ಬೆಳೆಯುತ್ತಿದ್ದಾರೆ. ಆಸಕ್ತಿ ಬತ್ತಿಲ್ಲ, ಇಲ್ಲದಿರುವುದು ನೆಲ. ಹೊಸ ಬಡಾವಣೆಗೆ ನಕ್ಷೆ ಹಾಕುವವರು, ಮನೆ ಕಟ್ಟಿಸುವವರು ನಾಲ್ಕು ಅಡಿ ಮಣ್ಣನ್ನಾದರೂ ಉಳಿಸಿದರೆ, ಲಾಲ್‌ಬಾಗಿನಿಂದ ಹೊರಟ ಸಸಿಗೆ ಸೇರಲು ಒಂದು ಮನೆ ಇರುತ್ತದೆ.