ಪಹಣಿಯ ಹತ್ತನೇ ಕಾಲಂ

ರೈತನ ಪೂರ್ತಿ ವಿವರ ಒಂದೇ ಕಡೆ ಸಿಗುವಂತೆ ಸಾಫ್ಟ್‌ವೇರ್ ಬರೆಯುವುದು ಹೇಗೆಂದು ಹೊಸ ಹುಡುಗರು ಕೇಳಿದರೆ, ನಾನು ಮೊದಲು ಅವರ ಮುಂದೆ ಇಡುವುದು ನಮ್ಮ ಶಿಡ್ಲಘಟ್ಟ ಕಡೆಯ ಹಿಪ್ಪುನೇರಳೆ ತೋಟದ ಪಹಣಿಯನ್ನು.

ನೋಡಲು ಒಂದೇ ಹಾಳೆ. ಆದರೆ ವಿಸ್ತೀರ್ಣ ಮತ್ತು ಖರಾಬು ಸರ್ವೆಯವರ ಆಕಾರಬಂದ್‌ನಿಂದ ಬಂದವು; 9ನೇ ಕಾಲಂನ ಹೆಸರು ಮ್ಯುಟೇಶನ್ ರಿಜಿಸ್ಟರಿನಿಂದ (ಎಂ.ಆರ್.). 11ರಲ್ಲಿ ಬ್ಯಾಂಕಿನ ಸಾಲ, 12ರಲ್ಲಿ ಹೊಲಕ್ಕೆ ಹೋಗಿ ಕಂಡ ಬೆಳೆ. ನಡುವೆ 10ನೇ ಕಾಲಂ ಇದೆಯಲ್ಲ, ಅದನ್ನು ರೂಪಿಸಿದವರಿಗೆ ಕೈಮುಗಿಯಬೇಕು. ಈ ಹೆಸರು ಕ್ರಯದಿಂದ ಬಂತೋ ಪೌತಿಯಿಂದಲೋ ವಿಭಾಗದಿಂದಲೋ, ಎಂ.ಆರ್. ನಂಬರ್ ಎಷ್ಟು ಎಂದು ಅದು ಹೇಳುತ್ತದೆ.

ಊರಿನ ಲೆಕ್ಕ ನೋಡಿಕೊಳ್ಳುತ್ತಿದ್ದ ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಬಂದ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದ ಈ ಪಹಣಿ, ಅಂದರೆ ನಮೂನೆ 16, 1966ರ ಭೂಕಂದಾಯ ನಿಯಮಗಳದ್ದು. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಆಗ ಚಿಂತಾಮಣಿ, ಗೌರಿಬಿದನೂರು ಎಲ್ಲ ಕೋಲಾರ ಜಿಲ್ಲೆಯವು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಹೊಲದ ಸರ್ವೆ ನಂಬರ್ ಮಾತ್ರ ಅದೇ. ಜಿಲ್ಲೆಯ ಹೆಸರನ್ನೇ ಗುರುತಾಗಿ ನೆಚ್ಚಿ ಕೋಡ್ ಬರೆಯಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

‘ಭೂಮಿ’ ಬಂದ ಮೇಲೆ ದಸ್ತಾವೇಜುಗಳ ನೋಂದಣಿಗೆ ‘ಕಾವೇರಿ’, ಸರ್ವೆ ನಕ್ಷೆಗೆ ‘ಮೋಜಿಣಿ’ ಬಂದವು. ರೈತರ ನೋಂದಣಿಯ ‘ಫ್ರೂಟ್ಸ್’ ಬಂದ ಮೇಲೆ ಆಧಾರ್, ಜಮೀನು, ಬ್ಯಾಂಕ್ ಖಾತೆ ಎಲ್ಲ ರೈತನ ಗುರುತಿನ ಸಂಖ್ಯೆಯಾದ ಒಂದು ಎಫ್‌ಐಡಿಯ ಕೆಳಗೆ ಸೇರಿದವು. ತೊಡಕು ಶುರುವಾಗುವುದು ಇಲ್ಲೇ. ಆಧಾರ್‌ನಲ್ಲಿ ‘ನಾರಾಯಣಸ್ವಾಮಿ’, ಪಹಣಿಯಲ್ಲಿ ‘ನಾರಾಯಣಪ್ಪ ಬಿನ್ ಮುನಿಯಪ್ಪ’ ಎಂದಿರುತ್ತದೆ. ಮನುಷ್ಯ ಒಬ್ಬನೇ. ಒಂದು ಹೆಸರಿಟ್ಟುಕೊಂಡು ಇನ್ನೊಂದನ್ನು ಅಳಿಸಿದರೆ ಕೋಡ್ ಚಿಕ್ಕದಾಗುತ್ತದೆ, ನಿಜ. ಆದರೆ ನಾಳೆ ತಾಳೆ ನೋಡಲು ಆಧಾರವೇ ಉಳಿಯುವುದಿಲ್ಲ. ಜಮೀನಿನ ವಿವರವನ್ನು ಒಮ್ಮೆ ನಕಲು ಮಾಡಿ ಸುಮ್ಮನಾಗುವುದು ಇನ್ನೂ ಕೆಟ್ಟದ್ದು. ‘ಭೂಮಿ’ಯಲ್ಲಿ ಪೌತಿ ಖಾತೆಯಾಗಿ ಮಕ್ಕಳ ಹೆಸರು ಬಂದರೂ ನಕಲಿನಲ್ಲಿ ತೀರಿಹೋದವರೇ ರೈತರಾಗಿ ಉಳಿಯುತ್ತಾರೆ. ಬೆಳೆ ಪರಿಹಾರದ ಹಣ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ನನ್ನ ರೈತ ಆಬ್ಜೆಕ್ಟ್‌ನಲ್ಲಿ ಪ್ರತಿ ವಿವರದ ಪಕ್ಕ ಎರಡು ಕಾಲಂ ಇಡುತ್ತೇನೆ: ಎಲ್ಲಿಂದ ಬಂತು, ಯಾವತ್ತು ಬಂತು. ವಿಸ್ತೀರ್ಣ ತಪ್ಪಿದ್ದರೆ ರೈತ ಸರ್ವೆಯವರ ಹತ್ತಿರ ಹೋಗಬೇಕು, ಪಹಣಿಯ ಹೆಸರು ತಪ್ಪಿದ್ದರೆ ತಾಲ್ಲೂಕು ಕಚೇರಿಗೆ, ಆಧಾರ್‌ನದಾದರೆ ಆಧಾರ್ ಕೇಂದ್ರಕ್ಕೆ. ಬಸ್ಸು ಹತ್ತುವ ಮೊದಲೇ ಅವನಿಗೆ ಅದು ಗೊತ್ತಾಗಬೇಕು.