ಅಂಗಮರ್ದನ ವೃತ್ತಿ: ಪರವಾನಗಿ ಮತ್ತು ನಿಯಂತ್ರಣ
ಅಂಗಮರ್ದನ ಅಥವಾ ಮಸಾಜ್ ಮಾಡುವವರಿಗೆ ಕರ್ನಾಟಕದಲ್ಲಿ ಪ್ರತ್ಯೇಕ ವೃತ್ತಿ ಪರವಾನಗಿ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳು ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಕರ್ನಾಟಕದಲ್ಲಿ ನಿಯಂತ್ರಣ ಹಲವು ಕಾನೂನುಗಳಲ್ಲಿ ಹಂಚಿಹೋಗಿದೆ.

ಉದಾಹರಣೆಗೆ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯನ್ನು ನೋಡಿ: ಅದು ಹೊಸೂರು ರಸ್ತೆಯಲ್ಲಿ ತಮಿಳುನಾಡು ಗಡಿಗೆ ಅಂಟಿಕೊಂಡ ಕೈಗಾರಿಕಾ ಪಟ್ಟಣ. ಇಲ್ಲಿ ಸ್ಪಾ ತೆರೆಯುವವರು ಪುರಸಭೆಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕಟ್ಟು ಹಾಕಿಸಿ ತೂಗುಹಾಕುವ ಆ ಪತ್ರದಲ್ಲಿ ಮಾಲೀಕರ ಹೆಸರು, ವಿಳಾಸ, ಉದ್ದಿಮೆಯ ಬಗೆ ಇರುತ್ತದೆಯೇ ಹೊರತು ಎಣ್ಣೆ ಹಚ್ಚಿ ಮೈ ನೀವುವವರ ಹೆಸರಿರುವುದಿಲ್ಲ. ನೌಕರರ ಕೆಲಸದ ಅವಧಿ, ವಾರದ ರಜೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವಿಷಯ.

ಅಭ್ಯಂಗ, ಪಂಚಕರ್ಮಗಳನ್ನು ಚಿಕಿತ್ಸೆಯಾಗಿ ನೀಡುವ ಆಯುರ್ವೇದ ಆಸ್ಪತ್ರೆ, ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. ಅಲ್ಲಿನ ವೈದ್ಯರಿಗೂ ನೋಂದಣಿ ಕಡ್ಡಾಯ. ಫಿಸಿಯೋಥೆರಪಿ ವೃತ್ತಿಗೆ 2021ರ ಕೇಂದ್ರ ಕಾಯ್ದೆಯ ಚೌಕಟ್ಟಿದೆ. ಸ್ಪಾ ಥೆರಪಿಸ್ಟ್ ಕೌಶಲ ಪ್ರಮಾಣಪತ್ರ ಕೆಲಸ ಸಿಗಲು ನೆರವಾಗುತ್ತದೆ; ಅದು ಪರವಾನಗಿಯಲ್ಲ. ಸ್ಪಾ ಸೋಗಿನಲ್ಲಿ ನಡೆಯುವ ವೇಶ್ಯಾವಾಟಿಕೆ ದಂಧೆಯ ಮೇಲೆ ಪೊಲೀಸರು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಕ್ರಮ ಜರುಗಿಸುತ್ತಾರೆ.