ಫ್ರ್ಯಾಂಕೆನ್‌ಸ್ಟೈನ್ ವಾಕ್ಚಿತ್ರವೂ ಪ್ರೇಕ್ಷಕರ ಮತಭೇದವೂ

ರುಚಿಭೇದದಿಂದ ಮತಭೇದ ಹುಟ್ಟುವುದು ಲೋಕರೂಢಿ. ಒಂದೇ ಬಯಲಾಟವನ್ನು ಒಂದೇ ಕಂಬಳಿಯ ಮೇಲೆ ಕುಳಿತು ನೋಡಿದ ಇಬ್ಬರಲ್ಲಿ ಒಬ್ಬನು ಪದಗಳನ್ನು ಹೊಗಳುವನು, ಇನ್ನೊಬ್ಬನು ವೇಷವನ್ನು ಹಳಿಯುವನು. ಇಂತಹ ಭೇದಕ್ಕೆ ವಿಚಾರಣೆ ಬೇಕಿಲ್ಲ. ಆದರೆ ಭೇದವು ರುಚಿಯದಾಗಿರದೆ ನ್ಯಾಯದ್ದಾಗಿರುವ ಸಂದರ್ಭಗಳೂ ಉಂಟು. ಅಲ್ಲಿ ಪ್ರೇಕ್ಷಕನು ನ್ಯಾಯಾಧೀಶನ ಪೀಠದಲ್ಲಿ ಕುಳಿತಿರುತ್ತಾನೆ. ಸಾಕ್ಷ್ಯವೆಲ್ಲ ಅವನ ಮುಂದೆ ಬಂದಿತೋ ಇಲ್ಲವೋ ಎಂಬುದರ ಮೇಲೆ ಅವನ ತೀರ್ಪು ನಿಂತಿರುತ್ತದೆ. ವಿಜ್ಞಾನಕಲ್ಪನೆಯನ್ನೂ ಭಯಾನಕರಸವನ್ನೂ ಕೂಡಿಸಿ 1931ನೆಯ ಇಸವಿಯಲ್ಲಿ ಅಮೇರಿಕೆಯ ಯೂನಿವರ್ಸಲ್ ಸಂಸ್ಥೆಯವರು ಹೊರತಂದ 'ಫ್ರ್ಯಾಂಕೆನ್‌ಸ್ಟೈನ್' ಎಂಬ ವಾಕ್ಚಿತ್ರದ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಸತ್ತ ದೇಹವು ಮರಳಿ ಏಳುವುದೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ಹಂಸಭಾವಿಯಿರುವ ಹಿರೇಕೆರೂರು ಸೀಮೆಯಲ್ಲಿಯೇ ಅಬಲೂರು ಎಂಬ ಗ್ರಾಮವಿದೆ. ಏಕಾಂತದ ರಾಮಯ್ಯನು ತನ್ನ ಶಿರಸ್ಸನ್ನು ಅರಿದು ಶಿವನಿಗೊಪ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನೆಂದು ಅಲ್ಲಿಯ ಶಾಸನವು ಹೇಳುತ್ತದೆ. ಅದನ್ನೋದಿದವನಿಗೆ ಬೆರಗಾಗುವುದೇ ಹೊರತು ಜುಗುಪ್ಸೆಯಾಗುವುದಿಲ್ಲ. ಏಕೆಂದರೆ ಅಲ್ಲಿ ಜೀವವನ್ನು ಕೊಟ್ಟವನು ದೇವರು. ಮೇಲಾಗಿ, ಕೊಟ್ಟವನು ಪಡೆದವನ ಕೈಬಿಡಲಿಲ್ಲ. ಜೀವ ಕೊಡುವವನು ಮನುಷ್ಯನೇ ಆಗಿ, ಕೊಟ್ಟ ಮರುಗಳಿಗೆಯಲ್ಲಿಯೇ ಹೆದರಿ ಓಡಿಹೋದರೆ ಏನಾದೀತು? ಇದೇ ಫ್ರ್ಯಾಂಕೆನ್‌ಸ್ಟೈನನ ಕಥೆಯ ಮೂಲಪ್ರಶ್ನೆ.

ಈ ಕಥೆಯನ್ನು ಬರೆದವಳು ಮೇರಿ ಶೆಲಿ ಎಂಬ ಆಂಗ್ಲ ಮಹಿಳೆ. 1816ರ ಬೇಸಗೆಯಲ್ಲಿ, ಜಿನೀವಾ ಸರೋವರದ ದಂಡೆಯಲ್ಲಿ ಇದನ್ನು ಆರಂಭಿಸಿದಾಗ ಅವಳಿಗೆ 18 ವರ್ಷ ವಯಸ್ಸು. ಹಿಂದಿನ ವರ್ಷ ಪೂರ್ವದ್ವೀಪಗಳಲ್ಲಿ ತಂಬೋರಾ ಎಂಬ ಜ್ವಾಲಾಮುಖಿಯು ಸಿಡಿದು, ಅದರ ಧೂಳಿನಿಂದ ಯುರೋಪಿನ ಆಕಾಶವೇ ಮುಸುಕಿದ್ದಿತು. ಬಿಸಿಲು ಕಾಣದ ಆ ದಿನಗಳಲ್ಲಿ ಮಿತ್ರಮಂಡಲಿಯು ಭೂತಕಥೆಗಳನ್ನು ಹೇಳಿ ಕಾಲ ಕಳೆಯುತ್ತಿದ್ದಿತು. ಕಥೆಗೆ ಬೀಜವೊದಗಿಸಿದ್ದು ಮಾತ್ರ ಭೂತವಲ್ಲ, ವಿದ್ಯುಚ್ಛಕ್ತಿ. 1803ರಲ್ಲಿ ಅಲ್ದೀನಿಯೆಂಬ ಪಂಡಿತನು ಲಂಡನ್ನಿನಲ್ಲಿ, ಗಲ್ಲಿಗೇರಿಸಲ್ಪಟ್ಟ ಒಬ್ಬನ ಶವಕ್ಕೆ ವಿದ್ಯುತ್ತನ್ನು ಹಾಯಿಸಿ ಅದರ ಅಂಗಾಂಗಗಳು ಅದುರುವುದನ್ನು ಜನಕ್ಕೆ ತೋರಿಸಿದ್ದನು. 1818ರಲ್ಲಿ ಕಾದಂಬರಿಯು ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ಅದರಲ್ಲಿ ಬರುವ ಕೃತಕ ಪುರುಷನು ಮೂಕನಲ್ಲ. ಅವನು ಭಾಷೆಯನ್ನು ಕಲಿಯುತ್ತಾನೆ, ಮಿಲ್ಟನ್ ಕವಿಯ ಮಹಾಕಾವ್ಯವನ್ನೋದುತ್ತಾನೆ. ಬಳಿಕ ತನ್ನನ್ನು ನಿರ್ಮಿಸಿದವನ ಎದುರಿಗೆ ನಿಂತು, ನನ್ನನ್ನು ಏಕೆ ತೊರೆದೆ ಎಂದು ವಾದಿಸುತ್ತಾನೆ. ಅವನು ಕೊಲೆಗಳನ್ನು ಮಾಡಿದವನೇ. ಆದರೆ ಓದುಗರಿಗೆ ಅವನ ವಾದವೂ ಕೇಳಿಸುತ್ತದೆ.

ಈ ವಾದವೇ ಮುಂದೆ ಒಂದೊಂದಾಗಿ ಕಳೆದುಹೋಯಿತು. 1823ರಲ್ಲಿ ಲಂಡನ್ನಿನ ರಂಗಭೂಮಿಗೆ ಈ ಕಥೆ ಬಂದಾಗ ನಾಟಕಕಾರನು ಕೃತಕ ಪುರುಷನ ನಾಲಗೆಯನ್ನೇ ತೆಗೆದನು, ಪಾತ್ರವು ಮೂಕವಾಯಿತು. ಪಾತ್ರಪಟ್ಟಿಯಲ್ಲಿ ಅವನ ಹೆಸರಿನ ಸ್ಥಳದಲ್ಲಿ ಬರಿಯ ಗೆರೆಯನ್ನೆಳೆದಿದ್ದರು. ಈ ನಾಟಕವು ನೀತಿಬಾಹಿರವೆಂದು ಕರಪತ್ರಗಳು ಹೊರಟವು. ಆದರೂ ಜನರು ಕಿಕ್ಕಿರಿದು ಬಂದರು. ಪ್ರೇಕ್ಷಕರ ಮತಭೇದವು ಹೀಗೆ ವಾಕ್ಚಿತ್ರಕ್ಕಿಂತ ನೂರು ವರ್ಷಗಳಷ್ಟು ಹಿರಿದಾದುದು.

ಜೇಮ್ಸ್ ವೇಲ್ ಎಂಬವನು ನಿರ್ದೇಶಿಸಿದ 1931ರ ಚಿತ್ರದಲ್ಲಿಯೂ ಕೃತಕ ಪುರುಷನಿಗೆ ಮಾತಿಲ್ಲ. ಈ ಪಾತ್ರವನ್ನು ಧರಿಸಿದವನು ಬೋರಿಸ್ ಕಾರ್ಲಾಫ್. ವಿಲಿಯಮ್ ಪ್ರ್ಯಾಟ್ ಎಂಬುದು ಅವನ ಹುಟ್ಟುಹೆಸರು. ಅವನ ತಂದೆಯು ನಮ್ಮ ದೇಶದಲ್ಲಿ ಬ್ರಿಟಿಷ್ ಸರಕಾರದ ಉಪ್ಪಿನ ಇಲಾಖೆಯ ನೌಕರನಾಗಿದ್ದನು. ಚಿತ್ರದ ಆರಂಭದ ಪಟ್ಟಿಯಲ್ಲಿ ಕಾರ್ಲಾಫನ ಹೆಸರಿಲ್ಲ, ಪ್ರಶ್ನಾರ್ಥಕ ಚಿಹ್ನೆ ಮಾತ್ರವಿದೆ. ಜಾಕ್ ಪಿಯರ್ಸ್ ಎಂಬ ವೇಷಗಾರನು ಪ್ರತಿದಿನವೂ ಗಂಟೆಗಟ್ಟಲೆ ದುಡಿದು ಅವನ ಮುಖವನ್ನು ಸಿದ್ಧಪಡಿಸುತ್ತಿದ್ದನು. ಅಷ್ಟು ಭಾರದ ಮುಖವಾಡದೊಳಗಿಂದಲೂ ಕಣ್ಣುಗಳ ದೈನ್ಯವು ತೋರುವಂತೆ ನಟಿಸಿದ್ದು ಕಾರ್ಲಾಫನ ಹೆಚ್ಚಳ.

ಸಾಂಟಾ ಬಾರ್ಬರಾ ಪಟ್ಟಣದಲ್ಲಿ ಪೂರ್ವಪ್ರದರ್ಶನವಾದಾಗ ಕೆಲವರು ಎದ್ದು ಹೊರಗೆ ಹೋದರು, ಮತ್ತೆ ಒಳಗೆ ಬಂದರು, ಮತ್ತೆ ಹೊರಟರು ಎಂದು ಅಲ್ಲಿದ್ದವರು ನೆನೆದಿದ್ದಾರೆ. ನ್ಯೂಯಾರ್ಕಿನಲ್ಲಿ ಡಿಸೆಂಬರ ತಿಂಗಳಲ್ಲಿ ತೆರೆಕಂಡಾಗ, ಪ್ರೇಕ್ಷಕರಲ್ಲಿ ಹಲವರು ತಮ್ಮ ನಿಜವಾದ ಭಾವವನ್ನು ಮರೆಮಾಡಲು ನಕ್ಕರೆಂದು ಅಲ್ಲಿಯ ಪ್ರಸಿದ್ಧ ದಿನಪತ್ರಿಕೆಯ ವಿಮರ್ಶಕನು ಬರೆದನು. ಕ್ಯಾನ್ಸಸ್ ಪ್ರಾಂತದ ಚಿತ್ರಪರೀಕ್ಷಕರು 32 ಸ್ಥಳಗಳಲ್ಲಿ ಕತ್ತರಿ ಹಾಕಬೇಕೆಂದರು. ಹಾಗೆ ಮಾಡಿದ್ದರೆ ಚಿತ್ರದ ಅರ್ಧಭಾಗವೇ ಉಳಿಯುತ್ತಿರಲಿಲ್ಲ. ಓಡಿಹೋದವರು, ನಕ್ಕವರು, ಕತ್ತರಿ ಹಿಡಿದವರು: ಮೂವರನ್ನೂ ಕದಲಿಸಿದುದು ಒಂದೇ ಚಿತ್ರ.

ಮತಭೇದದ ಮರ್ಮವು ಮಾತ್ರ ಒಂದು ಚಿಕ್ಕ ದೃಶ್ಯದಲ್ಲಿ ಅಡಗಿದೆ. ಕೆರೆಯ ದಂಡೆಯಲ್ಲಿ ಒಬ್ಬ ಪುಟ್ಟ ಹುಡುಗಿಯು ಕೃತಕ ಪುರುಷನನ್ನು ಕಂಡು ಹೆದರದೆ ಕೈಹಿಡಿದು ಕರೆಯುತ್ತಾಳೆ, ಹೂಗಳನ್ನು ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು ಅವು ತೇಲುವುದನ್ನು ನೋಡಿ ನಲಿಯುತ್ತಾರೆ. ಹೂಗಳು ತೀರಿದ ಮೇಲೆ, ಇವಳೂ ಹೂವಿನಂತೆಯೇ ತೇಲುವಳೆಂದು ಬಗೆದು ಅವನು ಹುಡುಗಿಯನ್ನೇ ಎತ್ತಿ ನೀರಿಗೆಸೆಯುತ್ತಾನೆ. ಅವಳು ಮುಳುಗುತ್ತಾಳೆ, ಅವನು ಕಂಗೆಟ್ಟು ಓಡುತ್ತಾನೆ. ಎಸೆಯುವ ಈ ಕೃತ್ಯವನ್ನು ಕಾರ್ಲಾಫನೇ ವಿರೋಧಿಸಿದ್ದನು, ನಿರ್ದೇಶಕನು ಒಪ್ಪಲಿಲ್ಲ. ಬಳಿಕ ಪರೀಕ್ಷಕರು ಈ ಭಾಗವನ್ನು ತೆಗೆಯಿಸಿದರು. 1934ರಿಂದ ಅಮೇರಿಕೆಯ ಚಿತ್ರೋದ್ಯಮದ ನೀತಿಸಂಹಿತೆಯು ಬಿಗಿಯಾದುದರಿಂದ, ಮುಂದಿನ ಪ್ರದರ್ಶನಗಳಲ್ಲಿಯೂ ಅದು ಇಲ್ಲದಾಯಿತು. ಅನಂತರದ ಪ್ರೇಕ್ಷಕರು ಕಂಡದ್ದು ಇಷ್ಟು: ಕೃತಕ ಪುರುಷನು ಹುಡುಗಿಯತ್ತ ಕೈಚಾಚುತ್ತಾನೆ, ಆಮೇಲೆ ತಂದೆಯೊಬ್ಬನು ಮಗಳ ಶವವನ್ನು ಹೊತ್ತು ಊರೊಳಗೆ ನಡೆದು ಬರುತ್ತಾನೆ. ನಡುವೆ ಏನಾಯಿತೆಂಬುದನ್ನು ಪ್ರತಿಯೊಬ್ಬನೂ ತನ್ನ ಮನಸ್ಸಿಗೆ ತೋಚಿದಂತೆ ತುಂಬಿಕೊಳ್ಳಬೇಕಾಯಿತು. ತುಂಬಿಕೊಂಡದ್ದು ತೆಗೆದುಹಾಕಿದ್ದಕ್ಕಿಂತಲೂ ಘೋರವಾಯಿತು. ಅಜ್ಞಾನದಿಂದಾದ ಅಪರಾಧವು ದುಷ್ಟತನದ ಅಪರಾಧವಾಗಿ ಮಾರ್ಪಟ್ಟಿತು. ಈ ಭಾಗವು ಮರಳಿ ಚಿತ್ರದಲ್ಲಿ ಸೇರಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಎರಡು ತಲೆಮಾರುಗಳು ತೀರ್ಪು ಕೊಟ್ಟು ಎದ್ದುಹೋಗಿದ್ದವು.

ಚಿತ್ರದ ಒಳಗೂ ಒಂದು ದ್ವಂದ್ವವುಂಟು. ಸೇವಕನು ಕದ್ದು ತಂದದ್ದು ಅಪರಾಧಿಯೊಬ್ಬನ ಮಿದುಳು ಎಂದು ಆರಂಭದಲ್ಲಿ ಹೇಳಲಾಗಿದೆ. ಕಾದಂಬರಿಯಲ್ಲಿ ಈ ಪ್ರಸಂಗವೇ ಇಲ್ಲ. ಮಿದುಳಿನ ಮಾತನ್ನು ನಂಬಿದವನಿಗೆ ಅವನು ಹುಟ್ಟಾ ದುಷ್ಟ. ಅದೇ ಸೇವಕನು ಉರಿಯುವ ಪಂಜನ್ನು ಹಿಡಿದು ಅವನನ್ನು ಪೀಡಿಸುವುದನ್ನು ಲಕ್ಷಿಸಿದವನಿಗೆ ಅವನು ಲೋಕವೇ ಕೆಡಿಸಿದ ಶಿಶು.

ನಮ್ಮ ಕಾವ್ಯಪುರಾಣಗಳ ಅಳತೆಗೋಲಿನಿಂದ ನೋಡಿದರೆ ಈ ಎರಡು ಪಕ್ಷಗಳೂ ಸ್ಪಷ್ಟವಾಗುತ್ತವೆ. ಒಂದು ಪಕ್ಷದವರು ಅವನಲ್ಲಿ ಭಸ್ಮಾಸುರನನ್ನು ಕಾಣುತ್ತಾರೆ: ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಬಂದವನು, ನಾಶಕ್ಕೆ ಅರ್ಹನು. ಇನ್ನೊಂದು ಪಕ್ಷದವರು ಅವನಲ್ಲಿ ಕರ್ಣನನ್ನು ಕಾಣುತ್ತಾರೆ. ಮಂತ್ರದ ಶಕ್ತಿಯನ್ನು ಪರೀಕ್ಷಿಸುವ ಕುತೂಹಲದಿಂದ ಕುಂತಿಯು ಪಡೆದ ಶಿಶುವು, ಪಡೆದ ಕೈಯಿಂದಲೇ ಹೊಳೆಯ ಪಾಲಾಯಿತು. ಅದು ಬೆಳೆದು ನಿಂತಾಗ ಲೋಕವು ಕುಲವನ್ನು ಕೇಳಿತು. ಕರ್ಣನು ಕೌರವನ ಪಕ್ಷದಲ್ಲಿ ನಿಂತು ತಪ್ಪು ಮಾಡಿದನೆಂಬುದನ್ನು ಪಂಪನೂ ಬಲ್ಲನು, ಕುಮಾರವ್ಯಾಸನೂ ಬಲ್ಲನು. ಆದರೂ ಅವನಿಗಾಗಿ ಮರುಗದ ಕನ್ನಡಿಗನಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ ಇಂದ್ರಜಿತುವಿನ ಪತ್ನಿಯ ಕಥೆಯಾಗಿದ್ದು, ರಾಕ್ಷಸರ ಮನೆಯ ದುಃಖವನ್ನೇ ಮುಂದಿಟ್ಟಿತು. ವೈರಿಯ ಅಂಗಳದಲ್ಲಿಯೂ ಅಳುವವರುಂಟೆಂಬುದು ನಮಗೆ ಹೊಸ ಪಾಠವಲ್ಲ.

ಕತ್ತರಿ ಹಿಡಿದವರ ಉದ್ದೇಶವು ಕೆಟ್ಟದ್ದಾಗಿರಲಿಲ್ಲ. ಮಕ್ಕಳ ಮನಸ್ಸು ಕೆಡಬಾರದೆಂಬುದೇ ಅವರ ಕಳಕಳಿ. ಬ್ರಿಟನ್ನಿನಲ್ಲಿಯೂ 1930ರ ದಶಕದಲ್ಲಿ ಭೀಕರಚಿತ್ರಗಳಿಗೆ ಬೇರೆ ಗುರುತನ್ನು ಹಾಕುವ ಏರ್ಪಾಡಾಯಿತು. ಇಂತಹ ಎಚ್ಚರಿಕೆಯು ಬೇಡವೆನ್ನಲಾಗದು. ಆದರೆ ಕಾರ್ಲಾಫನು ಮುಂದೆ ಹೇಳಿದ ಒಂದು ಸಂಗತಿಯು ಮನನೀಯವಾಗಿದೆ: ಅವನಿಗೆ ಕಾಗದ ಬರೆದ ಮಕ್ಕಳು ಆ ಕೃತಕ ಪುರುಷನ ವಿಷಯದಲ್ಲಿ ಕನಿಕರವನ್ನು ತೋಡಿಕೊಂಡಿದ್ದರು. ಯಾರು ಹೆದರಿಯಾರೆಂದು ಹಿರಿಯರು ಹೆದರಿದ್ದರೋ ಅವರೇ ಮರುಗಿದ್ದರು.

1991ರಲ್ಲಿ ಈ ಚಿತ್ರವು ಅಮೇರಿಕೆಯ ರಾಷ್ಟ್ರೀಯ ಚಿತ್ರಸಂಗ್ರಹದ ಪಟ್ಟಿಯಲ್ಲಿ ಸೇರಿತು. ಆದರೂ ನಿರ್ಮಿಸಿದವನ ಹೆಸರಾದ ಫ್ರ್ಯಾಂಕೆನ್‌ಸ್ಟೈನ್ ಎಂಬುದನ್ನು ನಿರ್ಮಿತನಾದವನಿಗೇ ಅಂಟಿಸಿ ಕರೆಯುವ ರೂಢಿಯು ಅಳಿದಿಲ್ಲ. ಕರ್ತನ ತಪ್ಪು ಕೃತಿಯ ತಲೆಗೆ ಬಂದುದಕ್ಕೆ ಈ ರೂಢಿಯೇ ಸಾಕ್ಷಿ. ಮನುಷ್ಯನು ಯಂತ್ರಗಳಿಗೆ ಬುದ್ಧಿಯನ್ನು ಕಲಿಸಹೊರಟಿರುವ ಈ ಕಾಲದಲ್ಲಿ, ಆ ಹಳೆಯ ಮೊಕದ್ದಮೆಯು ಮುಗಿದಿದೆಯೆಂದು ಹೇಳಲಾಗದು. ಯಾವ ಪಕ್ಷಕ್ಕೆ ತೀರ್ಪು ಕೊಟ್ಟರೂ ಕೊಡಲಿ. ಕೊಡುವವನು ಕೆರೆಯ ದಂಡೆಯ ಸಾಕ್ಷ್ಯವನ್ನು ಪೂರ್ಣವಾಗಿ ನೋಡಿಯೇ ಕೊಡತಕ್ಕದ್ದು.